ದೊಡ್ಡ ಡಾಕ್ಟರ ಕುದುರೆ ಗೆಲ್ಲುತ್ತದೆ ಎಂದದ್ದು

ನಾನು ಜರ್ಮನಿಗೆ ಹೋದದ್ದು ಸರ್ಜರಿ ಕಲಿಯಲು. ಕಲಿತೆ ಕೂಡ. ಹೊಟ್ಟೆ ಕೊಯ್ದು ಹೊಲಿಯುವುದರಲ್ಲಿ ನನ್ನ ಕೈ ಕೆಟ್ಟದ್ದೇನಲ್ಲ ಎಂದು ಬಲ್ಲವರು ಹೇಳಿದ್ದಾರೆ. ಆದರೆ ನಾನಿದ್ದ ಊರಿನಲ್ಲಿ ನನ್ನನ್ನು ಕಂಡು ಟೋಪಿ ಎತ್ತುತ್ತಿದ್ದವರು ಅದಕ್ಕಾಗಿ ಎತ್ತುತ್ತಿರಲಿಲ್ಲ. ಭಾನುವಾರ ಯಾವ ಕುದುರೆ ಬೇಲಿಗಳನ್ನೆಲ್ಲ ಹಾರಿ ಮೊದಲು ಬರುತ್ತದೆ, ಯಾವುದು ಸವಾರನನ್ನು ಮಾತ್ರ ಬೇಲಿಯಾಚೆ ಕಳಿಸಿ ತಾನು ಈಚೆಯೇ ನಿಲ್ಲುತ್ತದೆ ಎಂದು ಮೊದಲೇ ಹೇಳಬಲ್ಲವನು ಎಂಬ ಕಾರಣಕ್ಕೆ ಎತ್ತುತ್ತಿದ್ದರು. ಮೈಸೂರಿನಲ್ಲಿ ರೇಸ್‌ಕೋರ್ಸಿನ ಕಡೆ ಮುಖ ಮಾಡಿ ಊಟಕ್ಕೆ ಕೂತರೂ ವಂಶ ಕೆಡುತ್ತದೆ ಎಂದು ನಂಬಿದ್ದ ನನ್ನ ತಂದೆಗೆ ಈ ವಿಷಯ ಕೊನೆಯವರೆಗೂ ಗೊತ್ತಾಗಲಿಲ್ಲ. ಮಗ ಪರದೇಶದಲ್ಲಿ ಹೆಸರು ಮಾಡಿದ್ದಾನೆ ಎಂದಷ್ಟೇ ಗೊತ್ತಿತ್ತು. ಅದು ಸುಳ್ಳೂ ಅಲ್ಲ.

ಅರವತ್ತರ ದಶಕದ ನಡುಭಾಗದ ಮಾತು. ಬವೇರಿಯಾದ ಉತ್ತರ ಭಾಗದಲ್ಲಿ, ಹೊಳೆಯ ದಂಡೆಯ ಮೇಲಿನ ಒಂದು ಸಣ್ಣ ಊರು. ಬೆಳಗಿನ ಬಸ್ಸು ಹರ್ಟ್ಸೋಗೆನಾವ್‌ರಾಕ್‌ನ ಬೂಟಿನ ಕಾರ್ಖಾನೆಗಳಿಗೆ ಹೆಂಗಸರನ್ನು ತುಂಬಿಕೊಂಡು ಹೋಗುತ್ತಿತ್ತು, ಸಂಜೆಯ ಬಸ್ಸು ವಾಪಸು ತರುತ್ತಿತ್ತು. ನಡುವೆ ಊರಿನಲ್ಲಿ ಉಳಿಯುತ್ತಿದ್ದವರು ಮುದುಕರು, ರೋಗಿಗಳು, ಮತ್ತು ನಾವು. ನಾವು ಅಂದರೆ ಜಿಲ್ಲಾ ಆಸ್ಪತ್ರೆಯ ಡಾಕ್ಟರುಗಳು. ನನ್ನ ಹೆಂಡತಿ ಧಾರವಾಡದವಳು, ಬಯೋಕೆಮಿಸ್ಟ್ರಿ ಓದಿದವಳು. ದಿನಾ ರೈಲು ಹತ್ತಿ ಎರ್ಲಾಂಗೆನ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋಗಿ ಇಲಿಗಳ ಪಿತ್ತಕೋಶದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ನನ್ನ ಕೆಲಸಕ್ಕಿಂತ ತನ್ನದು ಗಂಭೀರವಾದದ್ದು ಎಂಬ ಅಭಿಪ್ರಾಯ ಅವಳಿಗಿತ್ತು. ನಮ್ಮ ಆಸ್ಪತ್ರೆಯ ಶನಿವಾರಗಳ ಬಗ್ಗೆ ತಿಳಿದ ಮೇಲೆ ಅದು ಅಭಿಪ್ರಾಯವಾಗಿ ಉಳಿಯಲಿಲ್ಲ, ಖಾತ್ರಿಯಾಯಿತು.

ಆ ಶನಿವಾರಗಳನ್ನು ವಿವರಿಸಬೇಕಾದರೆ ಮೊದಲು ನಮ್ಮ ದೊಡ್ಡ ಡಾಕ್ಟರನ್ನು ವಿವರಿಸಬೇಕು. ಆ ಕಾಲದ ಜರ್ಮನ್ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರೆಂದರೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ, ಆ ಮೆಟ್ಟಿಲೂ ಗಿಡ್ಡದು. ಎಲ್ಲರೂ ಅವರನ್ನು ಹೆರ್ ಪ್ರೊಫೆಸರ್ ಎನ್ನುತ್ತಿದ್ದರು. ಆರಡಿ ಎತ್ತರ, ನೆಟ್ಟಗಿನ ಬೆನ್ನು, ತಗ್ಗಿದ ದನಿ. ಅವರು ವಾರ್ಡುಗಳಲ್ಲಿ ನಡೆದರೆ ಹಿಂದೆ ನಾವು ಸಾಲಾಗಿ ಬಾತುಕೋಳಿಯ ಮರಿಗಳ ಹಾಗೆ ನಡೆಯುತ್ತಿದ್ದೆವು. ಹಾಸಿಗೆಯ ಮೇಲಿನ ರೋಗಿಗಳು ಕೈಕಾಲು ನೆಟ್ಟಗೆ ಮಾಡಿ, ಹೊದಿಕೆ ಗಲ್ಲದವರೆಗೆ ಎಳೆದು, ಕಾಯಿಲೆಯನ್ನೂ ಆದಷ್ಟು ಶಿಸ್ತಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ದೊಡ್ಡ ಡಾಕ್ಟರಿಗೆ ಒಂದು ಕುದುರೆ ಇತ್ತು. ಕಂದು ಬಣ್ಣದ, ದೊಡ್ಡ ತಲೆಯ ಗಂಡು ಕುದುರೆ. ಅದಕ್ಕೆ ಒಬ್ಬ ಗ್ರೀಕ್ ವೀರನ ಹೆಸರಿಟ್ಟಿದ್ದರು. ಅದನ್ನು ಇಲ್ಲಿ ಹೇಳುವುದಿಲ್ಲ, ಆ ವೀರನ ಮಾನ ಉಳಿಯಲಿ. ಊರಾಚೆ ಹೊಳೆಯ ಪಕ್ಕದ ಹುಲ್ಲುಗಾವಲಿನಲ್ಲಿ ವರ್ಷಕ್ಕೆ ಕೆಲವು ಭಾನುವಾರ ಬೇಲಿ ಹಾರುವ ಕುದುರೆ ಓಟ ನಡೆಯುತ್ತಿತ್ತು. ನಮ್ಮ ಮೈಸೂರಿನ ಓಟದ ಹಾಗೆ ಸಮನೆಲದ ಮೇಲೆ ಓಡಿ ಮುಗಿಸುವುದಲ್ಲ. ದಾರಿಯುದ್ದಕ್ಕೂ ಕಡ್ಡಿ ಕಟ್ಟಿದ ಬೇಲಿಗಳು, ಮರದ ದಿಮ್ಮಿ, ಮಣ್ಣಿನ ದಿಬ್ಬ, ಕೊನೆಯಲ್ಲಿ ಒಂದು ನೀರಿನ ಕಂದಕ. ಸುಖವಾಗಿ ಹುಲ್ಲು ಮೇಯುತ್ತಿದ್ದ ಪ್ರಾಣಿಯನ್ನು ಕರೆದುಕೊಂಡು ಬಂದು, ದಾರಿಗೆ ಅಡ್ಡ ಏನನ್ನೋ ಇಟ್ಟು, ಹಾರು ಎನ್ನುವುದು. ಬ್ರೂವರಿಯ ಮಾಲೀಕರು, ಚರ್ಮದ ವ್ಯಾಪಾರಿ, ಪಕ್ಕದ ಹಳ್ಳಿಗಳ ಜಮೀನುದಾರರು, ನಮ್ಮ ಪ್ರೊಫೆಸರ್, ಇವರೆಲ್ಲ ಕುದುರೆ ಓಡಿಸುತ್ತಿದ್ದರು. ಪ್ರೊಫೆಸರರ ಕುದುರೆ ಒಮ್ಮೆಯೂ ಗೆದ್ದಿರಲಿಲ್ಲ. ಈ ಒಂದು ಸಂಗತಿಯನ್ನು ಬಿಟ್ಟು ಅದರ ಬಗ್ಗೆ ಆಸ್ಪತ್ರೆಯಲ್ಲಿ ಎಲ್ಲವನ್ನೂ ಮಾತಾಡುತ್ತಿದ್ದರು.

ಓಟದ ಹಿಂದಿನ ಶನಿವಾರ ಪ್ರೊಫೆಸರ್ ರೌಂಡ್ಸ್‌ಗೆ ಬರುವಾಗ ಕೋಟಿನ ಜೇಬಿನಲ್ಲಿ ಓಟದ ಪಟ್ಟಿ ಇರುತ್ತಿತ್ತು. ಕೊನೆಯ ವಾರ್ಡಿನಲ್ಲಿ, ಕೊನೆಯ ಹಾಸಿಗೆಯ ಪಕ್ಕ ನಿಂತು, ಅವರು ಒಬ್ಬ ಕಿರಿಯ ಡಾಕ್ಟರನ್ನು ಆರಿಸಿ, ನಾಳೆಯ ದೊಡ್ಡ ಓಟದ ಮುನ್ನೋಟ ಹೇಳಲು ಆಜ್ಞೆ ಮಾಡುತ್ತಿದ್ದರು. ಅದನ್ನೂ ರೋಗಿಯ ಕೇಸು ಹೇಳುವ ಕ್ರಮದಲ್ಲೇ ಹೇಳಬೇಕು. ಮೊದಲು ಪೂರ್ವೇತಿಹಾಸ, ಆಮೇಲೆ ತಪಾಸಣೆಯಲ್ಲಿ ಕಂಡದ್ದು, ಕೊನೆಗೆ ಮುಂದೇನಾಗುತ್ತದೆ ಎಂಬ ತೀರ್ಮಾನ. ತೀರ್ಮಾನ ಪ್ರತಿ ಸಲವೂ ಒಂದೇ. ಬ್ರೂವರಿಯ ಹೆಣ್ಣು ಕುದುರೆ ವೇಗದ್ದು ನಿಜ, ಆದರೆ ಬುದ್ಧಿ ಸಾಲದು. ಚರ್ಮದ ವ್ಯಾಪಾರಿಯ ಬೂದು ಕುದುರೆಗೆ ತೂಕ ಹೆಚ್ಚಾಯಿತು. ಆದ್ದರಿಂದ ಹೆರ್ ಪ್ರೊಫೆಸರರ ಕುದುರೆಗೇ ಜಯ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಸಹಾಯಕ ಡಾಕ್ಟರ್ ಒಬ್ಬರಿದ್ದರು, ಮ್ಯೂನಿಕ್‌ನವರು, ನುಣುಪು ಕೂದಲಿನವರು. ಅವರು ಈ ತೀರ್ಮಾನವನ್ನು ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದರು. ಪ್ರೊಫೆಸರ್ ಗಂಭೀರವಾಗಿ ತಲೆಯಾಡಿಸಿ ಪಟ್ಟಿ ಮಡಚುತ್ತಿದ್ದರು. ಮರುದಿನ ಕುದುರೆ ಸೋಲುತ್ತಿತ್ತು. ಸೋಮವಾರ ಆ ಬಗ್ಗೆ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಇದೆಲ್ಲ ನನಗೆ ಯಾರೂ ಹೇಳಿರಲಿಲ್ಲ. ನಾನು ಸೇರಿದ ಮೊದಲ ವಸಂತದಲ್ಲೇ ಪ್ರೊಫೆಸರ್ ಬೆರಳು ನನ್ನ ಕಡೆ ತೋರಿಸಿದರು. ಇದೊಂದು ಪರೀಕ್ಷೆ, ಗಮನಿಸುವ ಶಕ್ತಿಯನ್ನು ಅಳೆಯುವ ಜರ್ಮನ್ ವಿಧಾನ ಎಂದು ನಾನು ಭಾವಿಸಿದೆ. ಹಿಂದಿನ ಎರಡು ಓಟಗಳ ಶನಿವಾರ ನನಗೆ ಆಪರೇಷನ್ ಕೋಣೆಯಲ್ಲಿ ಕೆಲಸವಿತ್ತು, ಓಟಗಳನ್ನು ಮಾತ್ರ ಸಹೋದ್ಯೋಗಿಗಳ ಜೊತೆ ಹೋಗಿ ನೋಡಿದ್ದೆ. ಪಟ್ಟಿಯನ್ನು ಓದಿ, ನನ್ನ ಅರ್ಧಂಬರ್ಧ ಜರ್ಮನ್‌ನಲ್ಲಿ, ಕಂಡದ್ದನ್ನು ಕಂಡ ಹಾಗೆ ಹೇಳಿದೆ.

"ಬ್ರೂವರಿಯವರ ಕುದುರೆ ಮೊದಲನೆಯದು, ಹೆರ್ ಪ್ರೊಫೆಸರ್. ಬೇಲಿಯ ಹತ್ತಿರ ಬಂದಾಗ ಹೆಜ್ಜೆ ಚಿಕ್ಕದು ಮಾಡಿಕೊಳ್ಳುತ್ತದೆ, ಹಾಗಾಗಿ ಬೀಳುವುದಿಲ್ಲ. ಎರಡನೆಯದು ಬೂದು ಕುದುರೆ."

"ಮತ್ತೆ ನನ್ನದು?" ಎಂದರು ಅವರು.

"ಪೂರ್ವೇತಿಹಾಸ ಚೆನ್ನಾಗಿಲ್ಲ. ಬೇಲಿಗಳನ್ನು ಹಾರುತ್ತದೆ. ನೀರಿನ ಹತ್ತಿರ ಬಂದಾಗ ನಿಂತು ನೀರನ್ನೇ ನೋಡುತ್ತದೆ. ನಾಳೆ ಕಂದಕದವರೆಗೆ ಹೋಗುತ್ತದೆ. ಆಚೆಗೆ ಹೋಗುವುದಿಲ್ಲ."

ಕೊನೆಯ ಹಾಸಿಗೆಯಲ್ಲಿ ಹರ್ನಿಯಾ ಆಪರೇಷನ್ ಆಗಿ ಮಲಗಿದ್ದ ಗಾಡಿ ಹೊಡೆಯುವವನೊಬ್ಬ ಫಕ್ಕನೆ ನಕ್ಕುಬಿಟ್ಟ. ನಕ್ಕದ್ದಕ್ಕೆ ಹೊಲಿಗೆ ಎಳೆದು ಅಯ್ಯೋ ಎಂದ. ನಾನು ಆ ವಾರ್ಡಿನಲ್ಲಿ ಕಂಡ ಏಕೈಕ ಪ್ರಾಮಾಣಿಕ ಪ್ರತಿಕ್ರಿಯೆ ಅದು. ಮ್ಯೂನಿಕ್‌ನ ಹಿರಿಯರು ನನ್ನನ್ನು ಶವಪರೀಕ್ಷೆಗೆ ಬಂದ ಹೆಣದಂತೆ ನೋಡಿದರು. ವಾರ್ಡಿನ ಮುಖ್ಯ ನರ್ಸ್ ಒಬ್ಬ ಕ್ರೈಸ್ತ ಸನ್ಯಾಸಿನಿ. ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು, ನನಗಾಗಿಯೋ ಕುದುರೆಗಾಗಿಯೋ ತಿಳಿಯಲಿಲ್ಲ.

ಭಾನುವಾರ ಕುದುರೆ ಕಂದಕದವರೆಗೆ ಹೋಯಿತು. ಅಲ್ಲಿ ನಾಲ್ಕೂ ಕಾಲು ಊರಿ ನಿಂತಿತು. ಅದರ ಮೇಲಿದ್ದ ಊರಿನ ಔಷಧದಂಗಡಿಯವರು ನಿಲ್ಲಲಿಲ್ಲ. ಅವರು ಕುದುರೆಯ ತಲೆಯ ಮೇಲಿನಿಂದ ಹಾರಿ, ನೀರಿನಲ್ಲಿ ಬಿದ್ದು, ಕಾಲರ್‌ಬೋನ್ ಮುರಿದುಕೊಂಡರು. ಕುದುರೆ ಬಗ್ಗಿ ಆಸಕ್ತಿಯಿಂದ ನೋಡಿತು. ಬ್ರೂವರಿಯ ಕುದುರೆ ಮೊದಲು ಬಂತು, ಬೂದು ಎರಡನೆಯದಾಗಿ ಬಂತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಪ್ರೊಫೆಸರ್ ಮುಂದ ಅವರ ಕುದುರಿ ಸೋಲತದ ಅಂತ ಹೇಳಿದ್ರೇನ್ರಿ? ಎಲ್ಲಾರ ಮುಂದ?"

"ಕೇಳಿದ್ರು. ಹೇಳ್ದೆ. ಹಾಗೇ ಆಯ್ತು."

"ಹಂಗ ಆಗಿದ್ದ ತಪ್ಪು," ಎಂದಳು. "ನೀವು ಹೇಳಿದ್ದು ಸುಳ್ಳಾಗಿದ್ರ ಕ್ಷಮಿಸತಿದ್ರು."

ಅವಳ ಮಾತು ಸರಿಯಾಗಿತ್ತು. ಸೋಮವಾರ ಪ್ರೊಫೆಸರ್ ನನ್ನನ್ನು ಕೋಣೆಗೆ ಕರೆದರು. ಕೂರಲು ಹೇಳಲಿಲ್ಲ. ತಮ್ಮ ತಗ್ಗಿದ ದನಿಯಲ್ಲಿ, "ನಿಮ್ಮ ತೀರ್ಮಾನ ನಿಖರವಾಗಿತ್ತು, ಡಾಕ್ಟರ್. ಇಂಥ ಕಣ್ಣು ಮೈದಾನದಲ್ಲಿರಬೇಕು. ಇನ್ನು ಮುಂದೆ ಎಲ್ಲ ಓಟಗಳಿಗೂ ನೀವೇ ಮೈದಾನದ ವೈದ್ಯರು. ಕಂದಕದ ಪಕ್ಕ ನಿಲ್ಲಿ. ಬೀಳುವವರು ಅಲ್ಲೇ ಬೀಳುತ್ತಾರೆ," ಎಂದರು.

ಸಹೋದ್ಯೋಗಿಗಳು ನನಗೆ ಸಾಂತ್ವನ ಹೇಳಿದರು. ತಮ್ಮ ಸಂತೋಷವನ್ನು ಮುಚ್ಚಿಡಲು ಅವರು ಪಟ್ಟ ಕಷ್ಟವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಓಟದ ಭಾನುವಾರ ಅವರೆಲ್ಲ ಹೆಂಡತಿಯರ ಜೊತೆ ಸೂರಿನ ಕೆಳಗೆ ಕೂತು ಕೇಕು ತಿನ್ನುತ್ತಿದ್ದಾಗ ನಾನು ಕೆಳಗೆ ಹೊಳೆಗಾಳಿಗೆ ಕೊಡೆ ಹಿಡಿದು, ಆಂಬ್ಯುಲೆನ್ಸ್‌ಗೆ ಒರಗಿ, ನೀರು ನೋಡುತ್ತಾ ನಿಲ್ಲಬೇಕು. ಇದು ಶಿಕ್ಷೆ ಎಂದು ಪ್ರೊಫೆಸರ್ ತಿಳಿದಿದ್ದರು, ಸಹೋದ್ಯೋಗಿಗಳು ತಿಳಿದಿದ್ದರು. ಮೊದಲ ಸಲ ನಿಂತಾಗ ನಾನೂ ಹಾಗೇ ತಿಳಿದಿದ್ದೆ. ಎರಡನೆಯ ಸಲ ಕುದುರೆಗಳು ದಿಬ್ಬದಿಂದ ಇಳಿದು ನನ್ನ ಕಡೆ ಬರುವಾಗ ಕಾಲಡಿಯ ನೆಲ ಅದುರಿತು. ಬೆವರಿನ ವಾಸನೆ, ತೊಗಲಿನ ಕಿರ್ ಸದ್ದು, ಒಂದೊಂದು ಪ್ರಾಣಿಯೂ ನೀರು ಕಂಡಾಗ ಕಿವಿ ತಿರುಗಿಸುವ ರೀತಿ. ಆ ಕ್ಷಣದಲ್ಲಿ ಅವು ಹೆದರಿದವೋ ಇಲ್ಲವೋ ಎಂದು ಹತ್ತಡಿ ದೂರದಿಂದ ಕಾಣುತ್ತಿತ್ತು. ಸೂರಿನ ಕೆಳಗಿನ ಕೇಕಿನಿಂದ ಕಾಣುತ್ತಿರಲಿಲ್ಲ. ಮೂರನೆಯ ಸಲದ ಹೊತ್ತಿಗೆ ಓಟದ ಭಾನುವಾರ ಯಾವಾಗ ಬರುತ್ತದೆ ಎಂದು ನಾನು ಕಾಯತೊಡಗಿದ್ದೆ. ಈ ಸಂತೋಷ ಮುಖದಲ್ಲಿ ಕಾಣದ ಹಾಗೆ ನೋಡಿಕೊಂಡೆ. ಕಂಡಿದ್ದರೆ ಕಿತ್ತುಕೊಳ್ಳುತ್ತಿದ್ದರು.

ಶನಿವಾರದ ಮುನ್ನೋಟ ನಿಲ್ಲಲಿಲ್ಲ. ನನ್ನನ್ನು ಮಾತ್ರ ಕೇಳುತ್ತಿರಲಿಲ್ಲ. ಆದರೆ ಆ ಗಾಡಿ ಹೊಡೆಯುವವನು ಗುಣವಾಗಿ ಮನೆಗೆ ಹೋಗಿದ್ದ, ಮತ್ತು ಅವನಿಗೆ ಬಾಯಿ ಇತ್ತು. ಆಸ್ಪತ್ರೆಯಲ್ಲಿ ಒಬ್ಬ ಭಾರತೀಯ ಡಾಕ್ಟರ್ ಇದ್ದಾನೆ, ಕುದುರೆ ಎಲ್ಲಿ ನಿಲ್ಲುತ್ತದೆ ಎಂದು ಹಿಂದಿನ ದಿನವೇ ಹೇಳುತ್ತಾನೆ ಎಂಬ ಸುದ್ದಿ ಊರೆಲ್ಲ ಹರಡಿತು. ನಾನು ಕಣ್ಣು ಮುಚ್ಚಿ ಧ್ಯಾನದಲ್ಲಿ ನೋಡುತ್ತೇನೆ ಎಂದು ಬೇಕರಿಯವಳು ಹೇಳಿದಳಂತೆ. ನಕ್ಷತ್ರ ನೋಡುತ್ತೇನೆ ಎಂದು ಅಂಚೆಯವನು. ಕಂದಕದ ಪಕ್ಕ ಕಣ್ಣು ಬಿಟ್ಟುಕೊಂಡು ನಿಂತು ನೋಡುತ್ತೇನೆ ಎಂದು ನಾನು ಹೇಳಿದರೆ ಅವರಿಗೆ ಬೇಸರವಾಗುತ್ತಿತ್ತು. ಭಾರತದವನು ಇಷ್ಟು ಸಾಮಾನ್ಯ ವಿಧಾನ ಬಳಸುತ್ತಾನೆ ಎಂದು ನಂಬಲು ಅವರು ಸಿದ್ಧರಿರಲಿಲ್ಲ.

ಸನ್ಯಾಸಿನಿ ನರ್ಸ್ ಕೂಡ ಒಂದು ಶನಿವಾರ ಡ್ರೆಸ್ಸಿಂಗ್ ಕೋಣೆಯಲ್ಲಿ, ಗಾಜ್ ಬಟ್ಟೆ ಮಡಚುತ್ತಾ, ನನ್ನ ಮುಖ ನೋಡದೆ ಕೇಳಿದರು.

"ಹೆರ್ ಡಾಕ್ಟರ್, ನಾಳೆ ಮಳೆ ಬಂದರೆ ಬೂದು ಕುದುರೆಗೆ ಕಷ್ಟವಾಗುತ್ತದೆಯೇ?"

"ಆಗುತ್ತದೆ, ಸಿಸ್ಟರ್. ಅದರ ಗೊರಸಿನ ಅಗಲ ಕಡಿಮೆ."

"ಕೇಳಿದೆ ಅಷ್ಟೇ. ಪ್ರಾಣಿಗಳ ಮೇಲೆ ಕರುಣೆ ಇರಬೇಕಲ್ಲ," ಎಂದರು. ಆಮೇಲೆ ಆಸ್ಪತ್ರೆಯ ತೋಟಗಾರ ಮೈದಾನದಲ್ಲಿ ತನಗೊಂದು, ಇನ್ನೊಬ್ಬರಿಗೊಂದು ಬಾಜಿಯ ಟಿಕೆಟ್ ಕೊಳ್ಳುವುದನ್ನು ಕಂಡೆ. ಆ ಇನ್ನೊಬ್ಬರ ಕರುಣೆ ಬೂದು ಕುದುರೆಯ ಮೇಲಿರಲಿಲ್ಲ.

ಆದರೆ ನನ್ನ ವಿದ್ಯೆಗೆ ನಿಜವಾದ ಪರೀಕ್ಷೆ ನಡೆಯುತ್ತಿದ್ದದ್ದು ಔಸ್‌ಲೆಂಡರ್‌ಆಮ್ಟ್‌ನಲ್ಲಿ, ವಿದೇಶಿಯರು ವಾಸದ ಪರವಾನಗಿಗೆ ಹೋಗಿ ನಿಲ್ಲಬೇಕಾದ ಕಚೇರಿಯಲ್ಲಿ. ಅಲ್ಲಿ ಒಬ್ಬ ಅಧಿಕಾರಿ ಇದ್ದ. ಮೊದಮೊದಲು ಅವನು ನನ್ನ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು, ಅದಕ್ಕೆ ಕಾಯಿಲೆ ಇದೆಯೇನೋ ಎಂಬಂತೆ ದೂರ ಇಟ್ಟು ಓದುತ್ತಿದ್ದ. ಸುದ್ದಿ ಅವನ ಕಿವಿಗೆ ಬಿದ್ದ ಮೇಲೆ ಅರ್ಜಿ ಓದುವುದನ್ನೇ ಬಿಟ್ಟ. ಮೇಜಿನ ಖಾನೆಯಿಂದ ಓಟದ ಪಟ್ಟಿ ತೆಗೆದು ನನ್ನ ಕಡೆ ತಿರುಗಿಸಿ, "ಮೂರನೆಯ ಓಟ?" ಎನ್ನುತ್ತಿದ್ದ. ನಾನು ಬೆರಳಿಡುತ್ತಿದ್ದೆ. ಅವನು ಮುದ್ರೆ ಒತ್ತುತ್ತಿದ್ದ. ಒಂದು ವರ್ಷ ನಾನು ಬೆರಳಿಟ್ಟ ಕುದುರೆ ದಿಮ್ಮಿಗೆ ಕಾಲು ತಾಗಿಸಿ ಬಿತ್ತು. ಮುಂದಿನ ಸಲ ನನ್ನ ಪರವಾನಗಿಯ ಅವಧಿ ಅರ್ಧವಾಯಿತು. ಕಾರಣ ಕೇಳಿದೆ. "ನಿಯಮ," ಎಂದ. ಜರ್ಮನಿಯ ಗಣರಾಜ್ಯದಲ್ಲಿ ನನ್ನ ಇರವು ಕುದುರೆಯ ಮುಂಗಾಲಿನ ಮೇಲೆ ನಿಂತಿದೆ ಎಂದು ಮನೆಗೆ ಬಂದು ಹೇಳಿದಾಗ ಹೆಂಡತಿ, "ಹಂಗಾರ ಮುಂದಿನ ಸಲ ಸರಿಯಾಗಿ ನೋಡಿ ಹೇಳ್ರಿ. ನನ್ನ ಇಲಿಗೋಳ್ದು ಇನ್ನೂ ಎರಡು ವರ್ಷದ ಕೆಲಸ ಅದ," ಎಂದಳು.

ಹೀಗೆ ಕೆಲವು ವರ್ಷ ಹೋದವು. ಎಪ್ಪತ್ತರ ದಶಕ ಬಂತು. ನಮ್ಮ ಆಸ್ಪತ್ರೆಯಲ್ಲಿ ಓಬರ್‌ಆರ್ಟ್ಸ್ಟ್, ಅಂದರೆ ದೊಡ್ಡ ಡಾಕ್ಟರ ಕೆಳಗಿನ ಮೊದಲ ಸ್ಥಾನ, ಖಾಲಿಯಾಯಿತು. ಮ್ಯೂನಿಕ್‌ನ ಹಿರಿಯರು ಆಗಲೇ ಆ ಕುರ್ಚಿಯ ಎತ್ತರವನ್ನು ಕಣ್ಣಲ್ಲೇ ಅಳೆದಿದ್ದರು. ಪ್ರೊಫೆಸರರ ಕುದುರೆಗೂ ವಯಸ್ಸಾಗಿತ್ತು. ಮೂತಿಯ ಸುತ್ತ ಬಿಳಿ ಕೂದಲು ಬಂದಿತ್ತು. ಅದು ಇನ್ನೂ ಒಂದನ್ನೂ ಗೆದ್ದಿರಲಿಲ್ಲ, ಆದರೆ ಒಮ್ಮೆಯೂ ಬಿದ್ದಿರಲಿಲ್ಲ ಕೂಡ. ಈ ಎರಡನೆಯದನ್ನು ಗಮನಿಸಿದವನು ನಾನೊಬ್ಬನೇ ಇರಬೇಕು, ಯಾಕೆಂದರೆ ಬಿದ್ದವರೆಲ್ಲ ನನ್ನ ಹತ್ತಿರ ಬರುತ್ತಿದ್ದರು.

ಆ ಶರತ್ಕಾಲದ ಕೊನೆಯ ಓಟಕ್ಕೆ ಮುಂಚೆ ವಾರವಿಡೀ ಮಳೆ ಸುರಿಯಿತು. ಹೊಳೆ ಉಕ್ಕಿ ಹುಲ್ಲುಗಾವಲು ಕೆಸರು ಗದ್ದೆಯಾಯಿತು. ಶನಿವಾರ ರೌಂಡ್ಸ್‌ನಲ್ಲಿ ಪ್ರೊಫೆಸರ್ ಪಟ್ಟಿ ತೆಗೆದರು. ಮ್ಯೂನಿಕ್‌ನ ಹಿರಿಯರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು. ಪ್ರೊಫೆಸರ್ ಅವರನ್ನು ದಾಟಿ ನನ್ನನ್ನು ನೋಡಿದರು.

"ಇದು ಅದರ ಕೊನೆಯ ಓಟ, ಡಾಕ್ಟರ್. ನೀವು ಹೇಳಿ."

ನಾನು ಪಟ್ಟಿ ನೋಡಿದೆ. ಐದೇ ಕುದುರೆಗಳು. ನಾಲ್ಕು ಎಳೆಯವು, ವೇಗದವು, ಬ್ರೂವರಿಯ ಹೊಸ ಹೆಣ್ಣು ಕುದುರೆ ಎಲ್ಲಕ್ಕಿಂತ ವೇಗದ್ದು. ಆ ಕೆಸರಿನಲ್ಲಿ ಆ ವೇಗದಲ್ಲಿ ದಿಬ್ಬ ಇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಇನ್ನೊಂದು ವಿಷಯವನ್ನೂ ನಾನು ಕಂದಕದ ಪಕ್ಕ ನಿಂತು ಕಂಡಿದ್ದೆ. ಪ್ರೊಫೆಸರರ ಕುದುರೆ ಗುಂಪಿನಲ್ಲಿ ಓಡಿ ಬಂದಾಗ ಮಾತ್ರ ನೀರಿನ ಮುಂದೆ ನಿಲ್ಲುತ್ತಿತ್ತು. ಎರಡು ಮೂರು ಸಲ ಎಲ್ಲ ಕುದುರೆಗಳೂ ಹೋದ ಮೇಲೆ, ಯಾರೂ ನೋಡದಿದ್ದಾಗ, ಒಂಟಿಯಾಗಿ ಬಂದು, ನೀರನ್ನು ನೋಡಿ, ಯೋಚಿಸಿ, ನಿಧಾನವಾಗಿ ದಾಟಿ ಹೋಗಿತ್ತು. ಹೊತ್ತು ಮೀರಿದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ನಿಮ್ಮ ಕುದುರೆ ಗೆಲ್ಲುತ್ತದೆ, ಹೆರ್ ಪ್ರೊಫೆಸರ್," ಎಂದೆ. "ಅದೊಂದೇ ಕೊನೆಯವರೆಗೆ ನಿಂತಿರುತ್ತದೆ."

ಪ್ರೊಫೆಸರರ ಮುಖ ಇಳಿದುಹೋಯಿತು. ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡು, "ನೀವೂ ಕಲಿತಿರಿ," ಎಂದಷ್ಟೇ ಹೇಳಿ ಹೊರಟುಹೋದರು. ಅಷ್ಟು ವರ್ಷ ಇಡೀ ಆಸ್ಪತ್ರೆಯ ಹೊಗಳಿಕೆಯನ್ನು ತಲೆಯಾಡಿಸಿ ಕೇಳಿದ ಮನುಷ್ಯನಿಗೆ ಅದು ಬರೀ ಮುಖಸ್ತುತಿ ಎಂದು ಮೊದಲಿನಿಂದಲೂ ಗೊತ್ತಿತ್ತು ಎಂಬುದು ಆಗ ನನಗೆ ಹೊಳೆಯಿತು. ನಾನು ಇನ್ನೂ ಕೊನೆಯ ಹಾಸಿಗೆಯ ಪಕ್ಕವೇ ನಿಂತಿದ್ದೆ. ಮ್ಯೂನಿಕ್‌ನ ಹಿರಿಯರು ನನ್ನ ಭುಜದ ಮೇಲೆ ಕೈಯಿಟ್ಟರು.

"ಸಮಯ ಚೆನ್ನಾಗಿ ಆರಿಸಿದಿರಿ. ನಾನು ಇಷ್ಟು ವರ್ಷ ಪ್ರತಿ ಸಲ ಹೇಳಿದೆ. ನೀವು ಒಂದೇ ಸಲ ಹೇಳಿದಿರಿ, ಕುರ್ಚಿ ಖಾಲಿಯಾದಾಗ. ಇದೂ ಒಂದು ಕಲೆ."

"ಅದು ನಿಜವಾಗಿ ಗೆಲ್ಲುತ್ತದೆ," ಎಂದೆ.

"ಖಂಡಿತ, ಖಂಡಿತ," ಎಂದರು.

ಸನ್ಯಾಸಿನಿ ನರ್ಸ್ ಡ್ರೆಸ್ಸಿಂಗ್ ಕೋಣೆಯಲ್ಲಿ ನನ್ನನ್ನು ತಡೆದು, ನೇರವಾಗಿ ಕೇಳಿದರು. "ಹೆರ್ ಡಾಕ್ಟರ್, ನೀವು ಹೇಳಿದ್ದು ನನಗೂ ಅನ್ವಯಿಸುತ್ತದೆಯೋ, ಹೆರ್ ಪ್ರೊಫೆಸರಿಗೆ ಮಾತ್ರವೋ?" ನಿಮಗೂ ಅನ್ವಯಿಸುತ್ತದೆ ಎಂದೆ. ಆಕೆ ನನ್ನನ್ನು ಕರುಣೆಯಿಂದ ನೋಡಿದರು. ನನ್ನ ಆತ್ಮಕ್ಕಾಗಿ ಪ್ರಾರ್ಥಿಸುವುದಾಗಿ ಹೇಳಿ, ತೋಟಗಾರನನ್ನು ಕರೆದು ಬ್ರೂವರಿಯ ಕುದುರೆಯ ಮೇಲೆ ಟಿಕೆಟ್ ಕೊಳ್ಳಲು ಹೇಳಿದರು. ಪರವಾನಗಿ ಕಚೇರಿಯ ಅಧಿಕಾರಿ ಪೇಟೆಯಲ್ಲಿ ಸಿಕ್ಕಾಗ ಅವನಿಗೂ ಅದನ್ನೇ ಹೇಳಿದೆ. ಅವನು ನಕ್ಕು ಕಣ್ಣು ಮಿಟುಕಿಸಿದ. "ಅದು ಆಸ್ಪತ್ರೆಗೆ ಕೊಟ್ಟ ಉತ್ತರ. ನನಗೆ ನಿಜವಾದದ್ದು ಹೇಳಿ," ಎಂದ. ಇದೇ ನಿಜವಾದದ್ದು ಎಂದರೆ ಮುಖ ಗಂಟು ಹಾಕಿಕೊಂಡು ಹೋದ.

ಮನೆಯಲ್ಲಾದರೂ ನಂಬುತ್ತಾಳೆಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ.

"ಖರೇ ಹೇಳ್ರಿ, ಬೆಣ್ಣಿ ಹಚ್ಚಿದ್ರಿ ಹೌದಲ್ಲೋ?"

"ಇಲ್ಲ ಕಣೇ. ನಾನೇ ಕಣ್ಣಾರೆ ನೋಡಿದೀನಿ, ಒಂಟಿಯಾಗಿ ಬಂದ್ರೆ ನೀರು ದಾಟತ್ತೆ."

"ಎಷ್ಟು ಸಲ ನೋಡೀರಿ?"

"ಎರಡೋ ಮೂರೋ."

"ಇಷ್ಟ ಡೇಟಾ ಇಟ್ಕೊಂಡು ನಾ ಪೇಪರ್ ಬರದ್ರ ನಮ್ಮ ಗೈಡ್ ನನ್ನ ಇಲಿ ಪಂಜರದಾಗ ಹಾಕತಾರ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಬೆಣ್ಣಿ ಹಚ್ಚಿದ್ರೂ ಅಡ್ಡಿಯಿಲ್ಲರಿ. ಎಲ್ಲಾರೂ ಹಚ್ಚತಾರ. ನನ್ನ ಮುಂದ ಸುಳ್ಳು ಹೇಳಬ್ಯಾಡ್ರಿ ಅಷ್ಟ," ಎಂದಳು. ಆ ರಾತ್ರಿ ಊಟದಲ್ಲಿ ಉಪ್ಪು ಕಡಿಮೆ ಇದ್ದರೂ ನಾನು ಹೇಳಲಿಲ್ಲ. ಹೇಳಿದ್ದರೆ ಅದನ್ನೂ ನಂಬುತ್ತಿರಲಿಲ್ಲ.

ಭಾನುವಾರ ಮಳೆ ನಿಂತಿತ್ತು, ನೆಲ ಮಾತ್ರ ಪಾದ ಕಚ್ಚಿ ಹಿಡಿಯುತ್ತಿತ್ತು. ಹೆಂಡತಿ ಕೂಡ ಬಂದಳು, ನನ್ನ ಮರ್ಯಾದೆ ಹೇಗೆ ಹೋಗುತ್ತದೆ ಎಂದು ನೋಡಲು. ಸೂರಿನ ಕೆಳಗೆ ಹೋಗದೆ ನನ್ನ ಜೊತೆ ಕಂದಕದ ಪಕ್ಕ, ಸೀರೆಯ ಮೇಲೆ ದೊಡ್ಡ ಕೋಟು ಹಾಕಿಕೊಂಡು, ರಬ್ಬರ್ ಬೂಟಿನಲ್ಲಿ ನಿಂತಳು. ದೊಡ್ಡ ಓಟ ಶುರುವಾಯಿತು. ನಾಲ್ಕು ಎಳೆಯ ಕುದುರೆಗಳು ಕೆಸರು ಎರಚುತ್ತಾ ಮುಂದೆ ಹೋದವು. ಪ್ರೊಫೆಸರರ ಕುದುರೆ, ಬೆನ್ನ ಮೇಲೆ ಅದೇ ಔಷಧದಂಗಡಿಯವರನ್ನು ಹೊತ್ತು, ಸಂತೆಗೆ ಹೊರಟ ಹಾಗೆ ಹಿಂದೆ ಬಂತು.

ದಿಬ್ಬದ ಇಳಿಜಾರಿನಲ್ಲಿ ಬ್ರೂವರಿಯ ಕುದುರೆ ಜಾರಿತು. ಸವಾರ ಉರುಳಿದ. ಹಗುರಾದ ಕುದುರೆ ಎದ್ದು ಸಂತೋಷದಿಂದ ದಾರಿ ಬಿಟ್ಟು ಹೊಳೆಯ ಕಡೆ ಓಡಿತು. ಅದನ್ನು ಕಂಡು ಹಿಂದಿನ ಕರಿಯ ಕುದುರೆಯೂ ಸವಾರನ ಅಭಿಪ್ರಾಯ ಕೇಳದೆ ಅದರ ಹಿಂದೆ ಹೋಯಿತು. ಚರ್ಮದ ವ್ಯಾಪಾರಿಯ ಹೊಸ ಬೂದು ಕುದುರೆ ಮುಂದಿನ ಬೇಲಿಯ ಮೇಲೆ ಎದೆ ಹಾಕಿ, ಬೇಲಿಯನ್ನೂ ಸವಾರನನ್ನೂ ಒಟ್ಟಿಗೆ ಮಲಗಿಸಿತು. ಎಳೆಯವುಗಳಲ್ಲಿ ಉಳಿದದ್ದು ಒಂದು. ಅದು ಬಾಯಲ್ಲಿ ನೊರೆ ಸುರಿಸುತ್ತಾ ಕಂದಕದವರೆಗೆ ಬಂದು ನಿಂತುಬಿಟ್ಟಿತು. ಸವಾರ ಹಿಂದಕ್ಕೆ ತಿರುಗಿಸಿ ಮತ್ತೆ ತಂದ. ಮತ್ತೆ ನಿಂತಿತು. ಅದರ ಪಕ್ಕೆಗಳು ತಿದಿಯ ಹಾಗೆ ಆಡುತ್ತಿದ್ದವು. ಸವಾರ ಕೊನೆಗೆ ತಾನೇ ಇಳಿದು, ಅದರ ಕುತ್ತಿಗೆ ತಟ್ಟಿ, ದಾರಿಯಿಂದಾಚೆ ನಡೆಸಿಕೊಂಡು ಹೋದ. ಸೂರಿನ ಕೆಳಗೆ ಜನ ಓಟ ಮುಗಿಯಿತೆಂದು ಏಳತೊಡಗಿದ್ದರು.

ಆಗ ದಿಬ್ಬ ಇಳಿದು ಮುದಿ ಕುದುರೆ ಬಂತು. ಒಂಟಿಯಾಗಿ, ನಡಿಗೆಗಿಂತ ಸ್ವಲ್ಪ ಹೆಚ್ಚು ಎನ್ನಬಹುದಾದ ಓಟದಲ್ಲಿ. ಕಂದಕದ ಅಂಚಿಗೆ ಬಂದು ನಿಧಾನ ಮಾಡಿತು. ಔಷಧದಂಗಡಿಯವರು ಕಣ್ಣು ಮುಚ್ಚಿ ಕುದುರೆಯ ಕುತ್ತಿಗೆಯ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡರು. ಅವರಿಗೆ ಹಳೆಯ ಅನುಭವವಿತ್ತು. ಕುದುರೆ ತಲೆ ಬಗ್ಗಿಸಿ ನೀರು ನೋಡಿತು. ಹೆಂಡತಿ ನನ್ನ ತೋಳು ಹಿಡಿದಳು. ಕುದುರೆ ಒಮ್ಮೆ ಉಸಿರು ಬಿಟ್ಟು, ಹಿಂಗಾಲು ಕೂಡಿಸಿ, ಚರಂಡಿ ದಾಟುವ ಎಮ್ಮೆಯ ಗಾಂಭೀರ್ಯದಲ್ಲಿ ಆಚೆ ದಡಕ್ಕೆ ಹೋಯಿತು.

"ದಾಟಿತಲ್ರೀ," ಎಂದಳು ಅವಳು, ತನಗೇ ಹೇಳಿಕೊಂಡ ಹಾಗೆ.

ಅದು ಗೆರೆ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಬ್ರೂವರಿಯ ಸವಾರನನ್ನು ಆಂಬ್ಯುಲೆನ್ಸ್‌ಗೆ ತಂದಿದ್ದರು, ಮಣಿಕಟ್ಟು ಮುರಿದಿತ್ತು. ನಾನು ಪಟ್ಟಿ ಕಟ್ಟುತ್ತಿದ್ದಾಗ ಧ್ವನಿವರ್ಧಕ ಏನೋ ಕೂಗಿತು. ಅವನು ನೋವಿನಲ್ಲೇ ತಲೆಯೆತ್ತಿ ಯಾರು ಗೆದ್ದದ್ದೆಂದು ಕೇಳಿದ. ಹೇಳಿದೆ. ಅವನು ಮಣಿಕಟ್ಟಿಗೂ ಅಷ್ಟು ಮುಖ ಕಿವುಚಿರಲಿಲ್ಲ.

ಪ್ರೊಫೆಸರ್ ಆಮೇಲೆ ಬಂದರು. ಟೋಪಿ ಎಲ್ಲೋ ಬಿದ್ದಿತ್ತು, ಕೋಟಿನ ಎದೆಯ ತುಂಬ ಕುದುರೆಯ ಕೆಸರು. ನನ್ನ ಹೆಂಡತಿಗೆ ತಲೆ ಬಾಗಿಸಿ ನಮಿಸಿ, ನಮ್ಮಿಬ್ಬರನ್ನೂ ತಮ್ಮ ಕಾರಿನಲ್ಲಿ ಮನೆಗೆ ಬಿಡುತ್ತೇನೆ ಎಂದರು. ನಮ್ಮ ಮನೆಯ ತಿರುವಿನಲ್ಲಿ ಕಾರು ನಿಲ್ಲಿಸಿದರು, ಆದರೆ ಎಂಜಿನ್ ಆರಿಸಲಿಲ್ಲ.

"ಯುದ್ಧದಲ್ಲಿ ನಾನು ಪೂರ್ವದ ರಣರಂಗದಲ್ಲಿ ಸೇನೆಯ ಡಾಕ್ಟರ್ ಆಗಿದ್ದೆ," ಎಂದರು, ಮುಂದಿನ ಗಾಜನ್ನೇ ನೋಡುತ್ತಾ. "ನನಗೊಂದು ಕುದುರೆ ಕೊಟ್ಟಿದ್ದರು. ಗಾಯಾಳುಗಳ ಗಾಡಿ ಎಳೆಯುತ್ತಿತ್ತು. ಚಳಿಗಾಲದಲ್ಲಿ ನಾವು ಕುದುರೆಗಳನ್ನು ತಿಂದೆವು. ಅದನ್ನೂ."

ಹಿಂದೆ ಕೂತ ಹೆಂಡತಿ ತನ್ನ ನಿಧಾನವಾದ ಜರ್ಮನ್‌ನಲ್ಲಿ, "ಇದು ಇನ್ನು ಓಡಬೇಕಾಗಿಲ್ಲ, ಅಲ್ಲವೇ ಹೆರ್ ಪ್ರೊಫೆಸರ್?" ಎಂದಳು.

"ಇಲ್ಲ," ಎಂದರು. "ಇನ್ನು ಅದು ಮೇಯಬೇಕು, ಅಷ್ಟೇ."

ಮೇಯಿತು. ಆಸ್ಪತ್ರೆಯ ಹಿಂದಿನ ಹುಲ್ಲಿನಲ್ಲಿ, ರೋಗಿಗಳು ಕಿಟಕಿಯಿಂದ ಎಸೆದ ಸಕ್ಕರೆ ತುಂಡುಗಳನ್ನು ತಿಂದು, ಬಹಳ ವರ್ಷ.

ಸೋಮವಾರ ರೌಂಡ್ಸ್‌ನಲ್ಲಿ ಮ್ಯೂನಿಕ್‌ನ ಹಿರಿಯರು ಅಭಿನಂದನೆಯ ಮಾತುಗಳನ್ನು ಸಿದ್ಧಪಡಿಸಿಕೊಂಡು ಬಂದಿದ್ದರು. ಪ್ರೊಫೆಸರ್ ಅದಕ್ಕೆ ಎಡೆಗೊಡದೆ ಮೊದಲ ಹಾಸಿಗೆಯ ರೋಗಿಯ ಮೂತ್ರದ ಪ್ರಮಾಣ ಎಷ್ಟೆಂದು ಕೇಳಿದರು. ಅವರಿಗೆ ಗೊತ್ತಿರಲಿಲ್ಲ. ಮುಂದಿನ ಶನಿವಾರಗಳಲ್ಲಿ ಮುನ್ನೋಟ ನಡೆಯಲಿಲ್ಲ, ಹೇಳಲು ಕುದುರೆ ಇರಲಿಲ್ಲ. ನಮಗೆಲ್ಲ ರೋಗಿಗಳ ಬಗ್ಗೆ ಮಾತಾಡಬೇಕಾದ ಪರಿಸ್ಥಿತಿ ಬಂತು. ಕೆಲವರಿಗೆ ಅದು ಕಷ್ಟವೇ ಆಯಿತು. ಪರವಾನಗಿ ಕಚೇರಿಯ ಅಧಿಕಾರಿ ಮಾತ್ರ, ನಿಜ ಹೇಳಿ ತನಗೆ ಮೋಸ ಮಾಡಿದೆನೆಂದು ಬಹಳ ದಿನ ನನ್ನ ಮೇಲೆ ಮುನಿಸಿಕೊಂಡಿದ್ದ.

ವಸಂತದಲ್ಲಿ ಓಬರ್‌ಆರ್ಟ್ಸ್ಟ್ ಸ್ಥಾನವನ್ನು ನನಗೆ ಕೊಟ್ಟರು. ಅಷ್ಟು ವರ್ಷ ನಾನು ಮಾಡಿದ ಆಪರೇಷನ್‌ಗಳ ಕಾರಣಕ್ಕೆ ಎಂದು ಪ್ರೊಫೆಸರ್ ಎಲ್ಲರ ಮುಂದೆ ಹೇಳಿದರು. ಒಬ್ಬರೂ ನಂಬಲಿಲ್ಲ. ಒಂದೇ ವಾಕ್ಯದಲ್ಲಿ ಇಷ್ಟು ದೂರ ಹೋದವನನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಮೊದಮೊದಲು ಕೆಸರು, ದಿಬ್ಬ, ಕಂದಕ ಎಂದೆಲ್ಲ ವಿವರಿಸಲು ಹೋದೆ. ಅವರು ಗೌರವದಿಂದ ಕೇಳಿ, ಇನ್ನಷ್ಟು ಗೌರವದಿಂದ ನಗುತ್ತಿದ್ದರು. ಆಮೇಲೆ ಬಿಟ್ಟುಬಿಟ್ಟೆ. ಒಳ್ಳೆಯ ಸರ್ಜನ್ ಎಂದು ಯಾರೂ ನನಗೆ ಬಾಗಿಲು ತೆರೆದು ಹಿಡಿದಿರಲಿಲ್ಲ. ಒಳ್ಳೆಯ ಹೊಗಳುಭಟ್ಟ ಎಂದು ಎಲ್ಲರೂ ಹಿಡಿದರು. ಮ್ಯೂನಿಕ್‌ನ ಹಿರಿಯರು ನಾನು ಬಂದಾಗ ಎದ್ದು ನಿಲ್ಲತೊಡಗಿದರು.

ಆ ಬೇಸಿಗೆಯಲ್ಲಿ ಹೊಸದಾಗಿ ಸೇರಿದ ಕಿರಿಯ ಡಾಕ್ಟರೊಬ್ಬ ಕಾರಿಡಾರಿನಲ್ಲಿ ನನ್ನ ಹಿಂದೆ ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲನೆ ಕೇಳಿದ.

"ಹೆರ್ ಓಬರ್‌ಆರ್ಟ್ಸ್ಟ್, ತಾವು ಮನೆಯಲ್ಲಿ ಯಾವುದಾದರೂ ಪ್ರಾಣಿ ಸಾಕಿದ್ದೀರಾ?"

ಇಲ್ಲ ಎಂದೆ. ಅವನ ಮುಖ ಸಪ್ಪಗಾಯಿತು.